ಹೊಲಿಯುವವರು ಬಹಳ, ಕಟಿಂಗ್ ಮಾಡುವವರು ಯಾರು?

ನನ್ನ ಖಾಲಾ 22 ವರ್ಷಗಳಿಂದ ಹೊಲಿಗೆ ಮಷಿನ್ ತುಳಿಯುತ್ತಿದ್ದಾರೆ. ಅಂಗಡಿಯವರು ಕತ್ತರಿಸಿ, ಕಟ್ಟು ಕಟ್ಟಿ ಕಳುಹಿಸಿದ ಬಟ್ಟೆಯನ್ನು ಹೊಲಿದು, ಎಣಿಸಿ ವಾಪಸ್ ಕೊಡುವುದು ಅವರ ಕೆಲಸ. ಮದುವೆ ಸೀಸನ್‌ನಲ್ಲಿ ತಾಂಬೂಲದ ಚೀಲ, ಮೇ ಕೊನೆಯಲ್ಲಿ ಶಾಲೆ ಮಕ್ಕಳ ಚೀಲ, ನಡುವೆ ದಿಂಬಿನ ಕವರ್. ಅವರ ಹೊಲಿಗೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಇರುತ್ತದೆ. ಕಳೆದ ರಜೆಯಲ್ಲಿ ನಾನು ಅವರ ಹತ್ತಿರ ಹೋಗಿ, "ಖಾಲಾ, ನನಗೊಂದು ಕಾಲೇಜ್ ಬ್ಯಾಗ್ ಹೊಲಿದುಕೊಡಿ. ಬೆನ್ನಿಗೂ ಹಾಕೋ ಹಾಗಿರಬೇಕು, ಬೇಕಾದಾಗ ಹೆಗಲಿಗೂ ಹಾಕೋ ಹಾಗಿರಬೇಕು" ಎಂದು ಕೇಳಿದೆ. ಅವರು ಬಾಬಿನ್‌ಗೆ ದಾರ ಸುತ್ತುತ್ತಲೇ ಹೇಳಿದರು, "ಕಟಿಂಗ್ ಮಾಡ್ಕೊಂಡು ಬಾ ಬೇಟಾ, ಅರ್ಧ ದಿನದಲ್ಲಿ ಹೊಲಿದುಕೊಡ್ತೀನಿ."

"ಕಟಿಂಗೂ ನೀವೇ ಮಾಡಿ ಖಾಲಾ."

"ನಂಗೆ ಬರಲ್ಲ."

ಅವರು ಅದನ್ನು ಬೇಸರದಿಂದ ಹೇಳಲಿಲ್ಲ. ನನಗೆ ಇಂಗ್ಲಿಷ್ ಬರಲ್ಲ, ಸೈಕಲ್ ಬರಲ್ಲ ಎನ್ನುವ ಹಾಗೆ ಸಹಜವಾಗಿ ಹೇಳಿದರು. ಆದರೆ ನನಗೆ ಅದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ಸಾವಿರಾರು ಚೀಲ ಹೊಲಿದ ಕೈಗೆ ಒಂದು ಚೀಲದ ಕಟಿಂಗ್ ಬರುವುದಿಲ್ಲ ಎಂದರೆ ಅದು ಅವರ ದಡ್ಡತನವಲ್ಲ. ಅವರಿಗೆ ಯಾರೂ ಅದನ್ನು ಕಲಿಸಲಿಲ್ಲ. ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನ ಶನಿವಾರದ ಹೊಲಿಗೆ ತರಗತಿಯಲ್ಲಿ ನಾವು ಕಲಿಯುತ್ತಿರುವುದೂ ಖಾಲಾ ಕಲಿತ ಆ ಅರ್ಧವನ್ನೇ. ಇದು ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳಲು ನನ್ನ ಬ್ಯಾಗಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ನಾನು ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಬರುವವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಗೆ ಪಾಸಿನ ಖರ್ಚು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಬೆಳಗಿನ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕಿದರೆ ಅದೇ ದೊಡ್ಡದು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಿಂತರೆ ಹಿಂದಿನವರಿಗೆ ತೊಂದರೆ, ಕಂಡಕ್ಟರ್ ಬೈಗುಳ ಬೇರೆ. ಎರಡು ಪಟ್ಟಿಯಿಂದಲೂ ಕೈ ಬಿಡಿಸಿಕೊಂಡು ಬ್ಯಾಗನ್ನು ಮುಂದಕ್ಕೆ ತರಬೇಕೆಂದರೆ ಒಂದು ಕೈ ಕಂಬಿ ಹಿಡಿದಿರುತ್ತದೆ. ಬುರ್ಖಾ ಹಾಕುವ ನಮಗೆ ಇನ್ನೊಂದು ತಾಪತ್ರಯವಿದೆ. ಬ್ಯಾಗಿನ ಪಟ್ಟಿ ಹೆಗಲ ಮೇಲಿನ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ. ತಲೆ ಪಕ್ಕಕ್ಕೆ ತಿರುಗಿಸಿದರೆ ಸ್ಕಾರ್ಫ್ ಜಗ್ಗಿ ಪಿನ್ ಕುತ್ತಿಗೆಗೆ ಚುಚ್ಚುತ್ತದೆ. ಇದು ಗೊತ್ತಿರುವವರಿಗೆ ಗೊತ್ತು. ಅಂಗಡಿಯಲ್ಲಿ ಸಿಗುವ ಯಾವ ಬ್ಯಾಗನ್ನೂ ಇದನ್ನು ಗಮನದಲ್ಲಿಟ್ಟು ಮಾಡಿದ ಹಾಗೆ ನನಗೆ ಕಂಡಿಲ್ಲ. ಹಾಗೆಂದು ಸೈಡ್ ಬ್ಯಾಗ್ ಮಾತ್ರ ಇಟ್ಟುಕೊಂಡರೆ ಪುಸ್ತಕದ ಭಾರವೆಲ್ಲ ಒಂದೇ ಹೆಗಲಿಗೆ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆಯುವಾಗ ಬೆನ್ನಿಗೇ ಇರಬೇಕು, ಬಸ್ಸಿನೊಳಗೆ ಹೆಗಲಿಗೆ ಬರಬೇಕು, ಅದೂ ಒಂದೇ ಕೈಯಲ್ಲಿ. ನನಗೆ ಬೇಕಾಗಿದ್ದ ಬ್ಯಾಗ್ ಇದು.

ಮೊದಲು ಅಕ್ಕನ ಹಳೆಯ ಹರಿದ ಬ್ಯಾಗನ್ನು ಬ್ಲೇಡಿನಿಂದ ಬಿಚ್ಚಿದೆ. ಬಿಚ್ಚಿದ ತುಂಡುಗಳನ್ನು ನ್ಯೂಸ್ ಪೇಪರ್ ಮೇಲೆ ಹರಡಿ ಗುರುತು ಹಾಕಿದೆ. ಚೀಲ ಎಂದರೆ ಚೀಲ ಎಂದುಕೊಂಡಿದ್ದ ನನಗೆ ಅದರಲ್ಲಿ ಒಟ್ಟು 19 ತುಂಡುಗಳಿರುವುದು ಕಂಡು ಆಶ್ಚರ್ಯವಾಯಿತು. ಹೊಲಿಗೆ ಕಲಿಯಬೇಕೆನ್ನುವವರು ಮೊದಲು ಒಂದು ಹಳೆಯ ವಸ್ತುವನ್ನು ಬಿಚ್ಚಿ ನೋಡಬೇಕು. ನನಗೆ ಹೊಲಿದು ಗೊತ್ತಾಗದ್ದು ಬಿಚ್ಚಿದಾಗ ಗೊತ್ತಾಯಿತು.

ರೂಪ ಬದಲಾಗುವ ಬ್ಯಾಗಿಗೆ ಎರಡು ದಾರಿಗಳಿವೆ. ಒಂದು, ಪಟ್ಟಿಗಳನ್ನು ಕೊಕ್ಕೆಯಿಂದ ಕಳಚಿ ಬೇರೆ ಕಡೆ ಸಿಕ್ಕಿಸುವುದು. ಇದು ಮನೆಯಲ್ಲಿ ಕೂತು ಮಾಡಲು ಚೆಂದ, ಓಡುವ ಬಸ್ಸಿನಲ್ಲಿ ಆಗದು. ಇನ್ನೊಂದು, ಒಂದೇ ಉದ್ದನೆಯ ಪಟ್ಟಿ. ಅದರ ಎರಡೂ ತುದಿಗಳನ್ನು ಚೀಲದ ಕೆಳಗಿನ ಎಡ ಬಲ ಮೂಲೆಗಳ ಹತ್ತಿರ ಹೊಲಿಯುತ್ತೇವೆ. ಹಿಂಭಾಗದ ಮೇಲ್ತುದಿಯಲ್ಲಿ ಎರಡು ರಿಂಗ್ ಹಾಕಿ ಪಟ್ಟಿಯನ್ನು ಅವುಗಳೊಳಗಿಂದ ತೂರಿಸುತ್ತೇವೆ. ರಿಂಗ್‌ಗಳ ನಡುವಿನ ಪಟ್ಟಿಯನ್ನು ಮೇಲಕ್ಕೆ ಎಳೆದರೆ ಹೆಗಲಿನ ಒಂದು ಹಿಡಿಕೆಯಾಗುತ್ತದೆ. ಪಕ್ಕದ ಎರಡು ಭಾಗಗಳನ್ನು ಎಳೆದರೆ ಬೆನ್ನಿನ ಎರಡು ಪಟ್ಟಿಗಳಾಗುತ್ತವೆ. ಕೊಕ್ಕೆಯೂ ಬೇಡ, ಬಕಲ್ಲೂ ಬೇಡ. ಈ ಉಪಾಯ ನಾನು ಕಂಡುಹಿಡಿದದ್ದಲ್ಲ. ಬೇರೆ ಕಂಪನಿಗಳ ಬ್ಯಾಗುಗಳಲ್ಲಿ ಈಗಾಗಲೇ ಇದೆ. ನಾನು ಮಾಡಿದ್ದು ಅದನ್ನು ನಮ್ಮ ಪುಸ್ತಕಕ್ಕೆ, ನಮ್ಮ ಬಸ್ಸಿಗೆ, ನಮ್ಮ ಉಡುಪಿಗೆ ಅಳತೆ ಮಾಡಿದ್ದು ಅಷ್ಟೇ.

ಅಳತೆಯ ಲೆಕ್ಕ ಹೀಗೆ. ಬೆನ್ನಿಗೆ ಹಾಕಿದಾಗ ಒಂದೊಂದು ಬದಿಗೆ 28 ಇಂಚು ಪಟ್ಟಿ ಬೇಕು, ರಿಂಗ್‌ಗಳ ನಡುವೆ 4 ಇಂಚು. ಒಟ್ಟು 60. ಹೆಗಲಿಗೆ ಹಾಕಿದಾಗ ಅದೇ 60 ಇಂಚಿನಲ್ಲಿ ಎರಡೂ ಬದಿಗೆ 14 ಇಂಚು ಚೀಲದ ಬೆನ್ನಿಗೆ ಅಂಟಿಕೊಂಡಿರುತ್ತದೆ, ಉಳಿದ 32 ಇಂಚು ಹಿಡಿಕೆಯಾಗುತ್ತದೆ. ಹೆಗಲಿಗೆ ಅದು ಸರಿಯಾದ ಅಳತೆ. ನನಗೆ ಆಸೆ ಹೆಚ್ಚಾಯಿತು. ಎದೆಗೆ ಅಡ್ಡಲಾಗಿ ಹಾಕುವ ಮೂರನೆಯ ರೂಪವೂ ಇದ್ದರೆ ಎಷ್ಟು ಚೆಂದ ಎಂದು ಲೆಕ್ಕ ಹಾಕಿದೆ. ಅದಕ್ಕೆ ಸುಮಾರು 48 ಇಂಚಿನ ಹಿಡಿಕೆ ಬೇಕು, ಎಂದರೆ ಪಟ್ಟಿ ಒಟ್ಟು 76 ಇಂಚು ಆಗಬೇಕು. ಆಗ ಬೆನ್ನಿಗೆ ಹಾಕಿದರೆ ಒಂದೊಂದು ಬದಿ 36 ಇಂಚಾಗಿ ಚೀಲ ಸೊಂಟದ ಕೆಳಗೆ ಜೋತಾಡುತ್ತದೆ. ಪಟ್ಟಿ ಉದ್ದ ಗಿಡ್ಡ ಮಾಡುವ ಬಕಲ್ ಹಾಕಬಹುದಿತ್ತು. ಆದರೆ ಅದಕ್ಕೆ ಎರಡೂ ಕೈ ಬೇಕು. ಮೂರನೆಯ ರೂಪವನ್ನು ಅಲ್ಲೇ ಬಿಟ್ಟೆ. ಐದು ತರಹ ಬಳಸಬಹುದು, ಏಳು ತರಹ ಬಳಸಬಹುದು ಎಂದು ಮಾರುವ ಬ್ಯಾಗುಗಳನ್ನು ಈಗ ನೋಡಿದರೆ ನನಗೆ ನಗು ಬರುತ್ತದೆ.

ಮೊದಲ ಸ್ಯಾಂಪಲ್‌ಗೆ ಕೋರಾ ಬಟ್ಟೆ ತಂದೆ. ಮೀಟರಿಗೆ 50 ರೂಪಾಯಿ. ಮುಂದಿನ ಹಿಂದಿನ ತುಂಡುಗಳನ್ನು 12 ಇಂಚು ಅಗಲಕ್ಕೆ ಕತ್ತರಿಸಿದೆ. ಚೀಲಕ್ಕೆ ತಳ ಬರಬೇಕಾದರೆ ಕೆಳಗಿನ ಎರಡೂ ಮೂಲೆಗಳಲ್ಲಿ ಒಂದೊಂದು ಚೌಕ ಕತ್ತರಿಸಿ ತೆಗೆಯಬೇಕು. ತಳ 4 ಇಂಚು ಬೇಕಿದ್ದರೆ ಚೌಕ 2 ಇಂಚಿನದು. ಇದನ್ನು ಸರಿಯಾಗಿಯೇ ಮಾಡಿದೆ. ಹೊಲಿದಾಗ ನೋಡಲು ನಿಜವಾದ ಬ್ಯಾಗಿನಂತೆಯೇ ಇತ್ತು. ಸೈನ್ಸ್ ಓದುವ ಗೆಳತಿಯ ಫಿಸಿಕ್ಸ್ ರೆಕಾರ್ಡ್ ಬುಕ್ ಇಸಕೊಂಡು ಒಳಗೆ ಇಡಲು ಹೋದೆ. ಹೋಗಲಿಲ್ಲ! ತಿರುಗಿಸಿ ಇಟ್ಟೆ, ಆಗಲೂ ತಳ ಮುಟ್ಟಲಿಲ್ಲ. ಕಾರಣ ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು. 12 ಇಂಚಿನಲ್ಲಿ ಎರಡು ಬದಿಯ ಹೊಲಿಗೆಗೆ ಅರ್ಧರ್ಧ ಇಂಚು ಹೋಗಿ ಉಳಿದದ್ದು 11. ತಳ 4 ಇಂಚು ಆದಾಗ ಆ 4 ಇಂಚು ಎಲ್ಲಿಂದ ಬರಬೇಕು? ಅಗಲದಿಂದಲೇ. ಹಾಗಾಗಿ ಚೀಲದ ಮುಖದ ಅಗಲ 7 ಇಂಚಿಗೆ ಇಳಿದಿತ್ತು. ಎ4 ಅಳತೆಯ ಪುಸ್ತಕದ ಅಗಲವೇ ಎಂಟೂಕಾಲು ಇಂಚು! ದಪ್ಪ ಬೇಕೆಂದರೆ ಅಗಲ ಕೊಡಬೇಕು, ಎತ್ತರವನ್ನೂ ಕೊಡಬೇಕು ಎಂಬುದು ಎಸ್ಸೆಸ್ಸೆಲ್ಸಿಯಲ್ಲಿ ಘನಾಕೃತಿಗಳ ಪಾಠ ಓದಿ ಒಳ್ಳೆಯ ಅಂಕ ತೆಗೆದುಕೊಂಡಿದ್ದ ನನಗೆ ಅವತ್ತಿನವರೆಗೆ ಅರ್ಥವಾಗಿರಲಿಲ್ಲ. ಮುಖ 10 ಇಂಚು ಅಗಲ, 14 ಇಂಚು ಎತ್ತರ ಬೇಕೆಂದರೆ ತುಂಡು 15ಕ್ಕೆ 17 ಇಂಚು ಇರಬೇಕು. ಪೇಪರನ್ನು ಹೊಸದಾಗಿ ಬರೆದೆ.

ಎರಡನೆಯದನ್ನು ಅಣ್ಣನ ಹಳೆಯ ಜೀನ್ಸ್ ಪ್ಯಾಂಟಿನಲ್ಲಿ ಹೊಲಿದೆ. ಪುಸ್ತಕ ಹಿಡಿಸಿತು. ಆದರೆ ಒಂದು ಇಂಚಿನ ಪಟ್ಟಿ ಒಂದು ಇಂಚಿನ ಡಿ ರಿಂಗ್‌ನಲ್ಲಿ ಮುದುಡಿಕೊಂಡು ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಂದೂಕಾಲು ಇಂಚಿನ ಚೌಕದ ರಿಂಗ್ ಹಾಕಿದ ಮೇಲೆ ಸರಾಗವಾಗಿ ಓಡಿತು. ನಂತರ ಭಾರದ ಪರೀಕ್ಷೆ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ತೂಕ ವಿದ್ಯಾರ್ಥಿಯ ತೂಕದ ಶೇ. 10ಕ್ಕಿಂತ ಹೆಚ್ಚಿರಬಾರದು. ನಾನು 46 ಕೆ.ಜಿ., ಹಾಗಾದರೆ ನಾಲ್ಕೂವರೆ ಕೆ.ಜಿ. (ನಮ್ಮ ಬ್ಯಾಗುಗಳನ್ನು ಯಾರಾದರೂ ನಿಜವಾಗಿ ತೂಗಿದರೆ ಏನಾಗುತ್ತದೋ, ಅದು ಬೇರೆ ಲೇಖನಕ್ಕೆ ಇರಲಿ.) ಸ್ವಲ್ಪ ಹೆಚ್ಚೇ ಇರಲಿ ಎಂದು 6 ಕೆ.ಜಿ. ಅಕ್ಕಿ ತುಂಬಿ, ರಾತ್ರಿ ಕಿಟಕಿಯ ಸರಳಿಗೆ ನೇತುಹಾಕಿ ಮಲಗಿದೆ. ಫಜ್ರ್‌ಗೆ ಎದ್ದಾಗ ಅಡುಗೆಮನೆ ತುಂಬ ಅಕ್ಕಿ. ಅಮ್ಮಿ ಏನೆಂದರು ಎಂದು ಇಲ್ಲಿ ಬರೆಯುವುದಿಲ್ಲ.

ಹರಿದ ತುಂಡನ್ನು ಖಾಲಾ ಹತ್ತಿರ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿಕೊಂಡು ಒಂದು ನಿಮಿಷ ನೋಡಿದರು. "ದಾರ ಎಲ್ಲೂ ಕಿತ್ತಿಲ್ಲ ನೋಡು. ಬಟ್ಟೆ ಹರಿದಿದೆ. ಗಟ್ಟಿ ಆಗ್ಲಿ ಅಂತ ಸಣ್ಣ ಸಣ್ಣ ಹೊಲಿಗೆ ಹಾಕಿದೀಯ ಅಲ್ವಾ? ಪೋಸ್ಟ್ ಸ್ಟಾಂಪಿಗೆ ತೂತು ಇರುತ್ತಲ್ಲ, ಹಂಗಾಗಿದೆ." ಅವರ ಮಾತು ನಿಜವಾಗಿತ್ತು. ಸೂಜಿ ಒತ್ತೊತ್ತಾಗಿ ತೂತು ಮಾಡಿದ ಕಡೆಯೇ ನೇರವಾಗಿ ಹರಿದಿತ್ತು. ಹೊಲಿಗೆ ದೊಡ್ಡದಿರಲಿ, ಹಿಂದೆ ಇನ್ನೊಂದು ತುಂಡು ಇರಲಿ, ಆ ತುಂಡಿನ ತುದಿ ಮೇಲಿನ ಜಿಪ್ಪಿನ ಹೊಲಿಗೆಯೊಳಗೆ ಸೇರಲಿ, ಆಗ ಭಾರ ಒಂದೇ ಕಡೆ ಬೀಳುವುದಿಲ್ಲ ಎಂದರು. ಇನ್ನೂ ಹೇಳಿದರು. ಪಟ್ಟಿಯ ತುದಿಯನ್ನು ನಾನು ತಳದ ಮೂಲೆಯಲ್ಲೇ ಸೇರಿಸಿದ್ದೆ. ಅಲ್ಲಿ ಬಟ್ಟೆ ನಾಲ್ಕೈದು ಪದರ ಆಗಿ ಎರಡು ಸೂಜಿ ಮುರಿದಿದ್ದವು. "ಪಟ್ಟಿಗೆ ತ್ರಿಕೋನದ ಒಂದು ಬಟ್ಟೆ ಕಿವಿ ಮಾಡು. ಅದನ್ನ ಮೂಲೆಗಿಂತ ಒಂದು ಇಂಚು ಮೇಲೆ, ಪಕ್ಕದ ಹೊಲಿಗೆಯಲ್ಲಿ ಸೇರಿಸು. ಸೂಜಿ 18ನೇ ನಂಬರ್ ಹಾಕು." ಜೇಬು ಮೊದಲು, ಜಿಪ್ ಆಮೇಲೆ, ಪಕ್ಕ ಕೊನೆಗೆ ಎಂದು ಹೊಲಿಯುವ ಕ್ರಮವನ್ನೂ ಬದಲಾಯಿಸಿದರು. ನಾನು ಹತ್ತಿರದಲ್ಲೇ ಕೂತು ಪೇಪರ್ ಮೇಲೆ ಎಲ್ಲವನ್ನೂ ಬರೆದುಕೊಂಡೆ.

ಬರೆಯುತ್ತಿರುವಾಗಲೇ ನನಗೆ ವಿಚಿತ್ರವೆನಿಸಿತು. ಕಟಿಂಗ್ ಬರಲ್ಲ ಎಂದವರು ಇವರೇ. ಆದರೆ ನನ್ನ ಕಟಿಂಗಿನ ಮುಖ್ಯ ತಪ್ಪುಗಳನ್ನೆಲ್ಲ ಸರಿ ಮಾಡಿದವರೂ ಇವರೇ. ಎಷ್ಟು ಸಲ ಅಂಗಡಿಗೆ ಕಟ್ಟು ವಾಪಸ್ ಕೊಡುವಾಗ "ಮಾಸ್ಟರ್‌ಗೆ ಹೇಳಿ, ಈ ಕಡೆ ಕಾಲಿಂಚು ಜಾಸ್ತಿ ಬಿಡಬೇಕು" ಎಂದು ಇವರು ಹೇಳಿ ಕಳುಹಿಸಿದ್ದಾರೋ! ಮುಂದಿನ ಕಟ್ಟಿನಲ್ಲಿ ಕಾಲಿಂಚು ಜಾಸ್ತಿ ಬರುತ್ತದೆ. ಖಾಲಾಗೆ ಸಿಗುವುದು ಮಾತ್ರ ಒಂದು ಪೀಸಿಗೆ ಮೊದಲಿದ್ದಷ್ಟೇ ದುಡ್ಡು. ಅವರ ಜ್ಞಾನ ಪೇಪರ್ ಮೇಲೆ ಹೋಗಿ ಕೂತಿದೆ, ಆದರೆ ಆ ಪೇಪರ್ ಅವರದಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿನಿ, ಲೆಕ್ಕ ಬಿಡುವುದಿಲ್ಲ. ಮೂರನೆಯ ಬ್ಯಾಗ್ ಕ್ಯಾನ್ವಾಸಿನದು. ಮುಕ್ಕಾಲು ಮೀಟರ್ ಕ್ಯಾನ್ವಾಸ್ 150, ಲೈನಿಂಗ್ 45, ಜಿಪ್ ಮತ್ತು ರನ್ನರ್ 25, ಬೆಲ್ಟ್ ಪಟ್ಟಿ 35, ರಿಂಗ್‌ಗಳು 40, ದಾರ 15. ಒಟ್ಟು 310 ರೂಪಾಯಿ. ಅದಕ್ಕೆ ಮುಂಚಿನ ಕೋರಾ ಬಟ್ಟೆ 2 ಮೀಟರ್ 100, ಬ್ರೌನ್ ಪೇಪರ್ 20, ಮುರಿದ ಸೂಜಿಗಳು 20. ಎಲ್ಲ ಸೇರಿ 450. ಇದೇ ರೀತಿಯ ಬ್ಯಾಗ್ ಆನ್‌ಲೈನ್‌ನಲ್ಲಿ 399ಕ್ಕೆ ಸಿಗುತ್ತದೆ ಎಂದು ಗೆಳತಿಯೊಬ್ಬಳು ಫೋನಿನಲ್ಲಿ ತೋರಿಸಿದಳು. ಅವಳ ಮಾತು ಸರಿ. ಒಂದೇ ಬ್ಯಾಗ್ ಬೇಕಿದ್ದವರು ಕೊಂಡುಕೊಳ್ಳುವುದೇ ಲಾಭ. ಆದರೆ ಎರಡನೆಯ ಬ್ಯಾಗಿಗೆ ಕೋರಾ ಬಟ್ಟೆ ಬೇಡ, ಪೇಪರ್ ಬೇಡ, ಅಕ್ಕಿ ಚೆಲ್ಲುವುದೂ ಬೇಡ. ನಮ್ಮ ಬೀದಿಯ ಇಬ್ಬರು ಈಗಾಗಲೇ 450ಕ್ಕೆ ಕೇಳಿದ್ದಾರೆ. ಸಾಮಾನಿನ ಖರ್ಚು ಕಳೆದರೆ 140 ಉಳಿಯುತ್ತದೆ. ಇದೇ ಚೀಲವನ್ನು ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರೆ ಹೊಲಿಗೆಗೆ ಎಷ್ಟು ಕೊಡುತ್ತಿದ್ದರು ಎಂದು ಖಾಲಾರನ್ನು ಕೇಳಿದೆ. "ನಲವತ್ತು ಕೊಟ್ಟರೆ ದೊಡ್ಡದು" ಎಂದರು.

ಉಳಿದ 100 ರೂಪಾಯಿಯನ್ನು ಅಂಗಡಿಯವರು ಸುಮ್ಮನೆ ತಿನ್ನುತ್ತಾರೆ ಎಂದು ನಾನು ಹೇಳುವುದಿಲ್ಲ. ಬಂಡವಾಳ ಹಾಕುವವರು ಅವರು, ಮಾರಾಟವಾಗದೆ ಉಳಿದರೆ ನಷ್ಟವೂ ಅವರದು, ಬಾಡಿಗೆ ಇದೆ, ಕರೆಂಟು ಇದೆ. ಆದರೂ ಅದರಲ್ಲಿ ಒಂದು ಭಾಗ ಪೇಪರ್ ಕಟಿಂಗಿನ ಬೆಲೆ. ಕಾಗದಕ್ಕೆ ಎಂಥ ಬೆಲೆ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ಅಮೆರಿಕದಲ್ಲಿ ಎಬೆನೆಝರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಗಳ ಕಾಗದದ ಪ್ಯಾಟರ್ನ್‌ಗಳನ್ನು ಮಾರಲು ಶುರು ಮಾಡಿದ. ಬಟ್ಟೆಯಲ್ಲ, ಬರೀ ಕಾಗದ. ಅದು ದೊಡ್ಡ ವ್ಯಾಪಾರವಾಗಿ ಬೆಳೆಯಿತು, ಅವನ ಹೆಸರಿನ ಪ್ಯಾಟರ್ನ್‌ಗಳು ಇಂದಿಗೂ ಇವೆ. ನಮ್ಮ ದೇಶದಲ್ಲೂ 2000ನೇ ಇಸವಿಯ ವಿನ್ಯಾಸ ಕಾಯ್ದೆಯ ಪ್ರಕಾರ ಹೊಸ ವಿನ್ಯಾಸವನ್ನು ನೋಂದಾಯಿಸಿದರೆ 10 ವರ್ಷ, ಮತ್ತೆ ಮುಂದುವರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಕಾನೂನು ವಿನ್ಯಾಸವನ್ನು ಆಸ್ತಿ ಎಂದು ನೋಡುತ್ತದೆ. ನಮ್ಮ ಮನೆಗಳಲ್ಲಿ ಮಾತ್ರ ಅದನ್ನು "ಮಾಸ್ಟರ್ ಕೆಲಸ" ಎಂದು ದೂರ ಇಟ್ಟಿದ್ದೇವೆ.

ಮಾಸ್ಟರ್ ಎಂದರೆ ಯಾರು? ನಾನು ನೋಡಿದ ಅಂಗಡಿಗಳಲ್ಲೆಲ್ಲ ಕತ್ತರಿ ಹಿಡಿದು ಮೇಜಿನ ಹಿಂದೆ ನಿಂತವರು ಗಂಡಸರು, ಮನೆಯಲ್ಲಿ ಮಷಿನ್ ತುಳಿಯುವವರು ಹೆಂಗಸರು. ಹೀಗಿದ್ದೂ ನಮ್ಮ ಕಾಲೇಜಿನ ಹುಡುಗರು ಹೊಲಿಗೆಯನ್ನು ಲೇಡೀಸ್ ಕೆಲಸ ಎಂದು ನಗುತ್ತಾರೆ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರು ನಮ್ಮದು. ಇಲ್ಲಿನ ಹುಡುಗನಿಗೆ ಬಟ್ಟೆಯ ಉದ್ದ ಎಳೆ ಯಾವುದು, ಅಡ್ಡ ಎಳೆ ಯಾವುದು ಎಂದು ಗೊತ್ತಿಲ್ಲದಿರುವುದು ಹೆಮ್ಮೆಯ ವಿಷಯವೇನಲ್ಲ.

ಇನ್ನು ನಮ್ಮ ಶನಿವಾರದ ತರಗತಿಗೆ ಬರುತ್ತೇನೆ. ಮೇಡಂ ಪ್ರೀತಿಯಿಂದ ಕಲಿಸುತ್ತಾರೆ, ಅದರಲ್ಲಿ ನನಗೆ ದೂರಿಲ್ಲ. ಆದರೆ ನಾವು ಮೊದಲ ದಿನದಿಂದಲೇ ಮಷಿನ್ ಮುಂದೆ ಕೂರುತ್ತೇವೆ. ಕುಶನ್ ಕವರ್, ಬಾಗಿಲ ಪರದೆ, ಕೊನೆಗೆ ಒಂದು ಪೆಟಿಕೋಟ್. ಎಲ್ಲವನ್ನೂ ಕತ್ತರಿಸಿಯೇ ಕೊಡಲಾಗುತ್ತದೆ, ಏಕೆಂದರೆ ನಾವು ಕತ್ತರಿಸಿದರೆ ಬಟ್ಟೆ ಹಾಳಾಗುತ್ತದೆ. ಹಾಳಾಗಲಿ ಎಂದೇ ನಾನು ಹೇಳುವುದು. ಹಾಳಾಗುವುದಕ್ಕೆಂದೇ ಕೋರಾ ಬಟ್ಟೆ ಇದೆ, ಅದಕ್ಕೂ ಮೊದಲು ನ್ಯೂಸ್ ಪೇಪರ್ ಇದೆ. ಮೊದಲ ನಾಲ್ಕು ಶನಿವಾರ ಮಷಿನ್ ಕವರ್ ತೆಗೆಯುವುದೇ ಬೇಡ. ಪೇಪರ್, ಟೇಪು, ಸ್ಕೇಲು, ಪೆನ್ಸಿಲ್ ಸಾಕು. ಪ್ರತಿಯೊಬ್ಬರೂ ತಮಗೆ ನಿಜವಾಗಿ ಬೇಕಾದ ಒಂದು ವಸ್ತುವಿನ ಪೇಪರ್ ಕಟಿಂಗ್ ಮಾಡಲಿ. ಟಿಫನ್ ಚೀಲ ಇರಬಹುದು, ಮುಸಲ್ಲಾ ಮಡಚಿಡುವ ಕವರ್ ಇರಬಹುದು, ಅಜ್ಜಿಯ ಮಾತ್ರೆ ಇಡುವ ಪೌಚ್ ಇರಬಹುದು. ಒಂದು ಸಲ ಕೆಡಿಸಲಿ, ಯಾಕೆ ಕೆಟ್ಟಿತು ಎಂದು ಬರೆಯಲಿ. ವಾರ್ಷಿಕೋತ್ಸವದ ವಸ್ತುಪ್ರದರ್ಶನದಲ್ಲಿ ನಾವು ಚೆಂದ ಇರುವುದನ್ನು ಮಾತ್ರ ಇಸ್ತ್ರಿ ಮಾಡಿ ಇಡುತ್ತೇವೆ. ಕೆಟ್ಟದ್ದನ್ನೂ ಪಕ್ಕದಲ್ಲೇ ಇಟ್ಟರೆ ನೋಡುವವರಿಗೆ ಏನಾದರೂ ತಿಳಿಯುತ್ತದೆ. ನನ್ನ 7 ಇಂಚಿನ ಚೀಲವನ್ನು ಕೊಡಲು ನಾನು ತಯಾರಿದ್ದೇನೆ.

ಖಾಲಾ ಅಂಥವರನ್ನು ತಿಂಗಳಿಗೊಮ್ಮೆ ಕಾಲೇಜಿಗೆ ಕರೆಸಬೇಕು ಎಂಬುದು ನನ್ನ ಇನ್ನೊಂದು ವಿನಂತಿ. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ತಾಯಂದಿರು, ಖಾಲಾ, ಫುಫ್ಫುಗಳು ಮನೆಯಲ್ಲಿ ಹೊಲಿಗೆ ಮಾಡುತ್ತಾರೆ ಎಂದು ಒಂದು ಕ್ಲಾಸಿನಲ್ಲಿ ಕೈ ಎತ್ತಿಸಿ ನೋಡಿ. ಅವರು ಬಂದು ನಮ್ಮ ಪೇಪರ್ ನೋಡಿ ತಪ್ಪು ಹೇಳಲಿ, ನಾವು ಅವರಿಗೆ ಅಳತೆ ಬರೆಯುವುದನ್ನು ತೋರಿಸೋಣ. ಬಂದವರಿಗೆ ಬಸ್ ಚಾರ್ಜಿನ ಜೊತೆಗೆ ಗೌರವಧನವನ್ನೂ ಕೊಡಬೇಕು. ಶಾಲು ಹೊದಿಸಿ ಕಳುಹಿಸುವುದು ಬೇಡ.

ಇದನ್ನು ನಮ್ಮ ಒಬ್ಬ ಸರ್ ಹತ್ತಿರ ಹೇಳಿದಾಗ ಅವರು ನಕ್ಕು, "ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ ಇದೆಯಮ್ಮ. ನಿಮ್ಮನ್ನು ಓದಿಸಿ ಆಫೀಸರ್ ಮಾಡೋಣ ಅಂತ ನಾವು, ನೀವು ಮತ್ತೆ ಹೊಲಿಗೆ ಅಂತೀರಲ್ಲ" ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮ ಸಮುದಾಯದ ಎಷ್ಟೋ ಹೆಣ್ಣುಮಕ್ಕಳನ್ನು "ಓದು ಹತ್ತಲ್ಲ, ಮಷಿನ್ ಕೊಡಿಸಿಬಿಡೋಣ" ಎಂದು ಮನೆಯಲ್ಲಿ ಕೂರಿಸಿದ್ದನ್ನು ಅವರು ಕಂಡಿದ್ದಾರೆ. ನನ್ನ ಖಾಲಾರ ಓದು ನಿಂತದ್ದೂ ಏಳನೇ ಕ್ಲಾಸಿಗೆ ಹೀಗೆಯೇ. ಓದಿನ ಬದಲಿಗೆ ಹೊಲಿಗೆ ಕೊಟ್ಟರು, ಹೊಲಿಗೆಯಲ್ಲೂ ಯೋಚನೆ ಇರುವ ಭಾಗವನ್ನು ಬಿಟ್ಟು ಕೊಟ್ಟರು. ಸರ್ ಭಯಪಡುತ್ತಿರುವುದು ಇಂಥ ಹೊಲಿಗೆಗೆ. ನಾನು ಕೇಳುತ್ತಿರುವುದು ಬೇರೆ. ಹೆಚ್ಚಿನ ಪೀರಿಯಡ್ ಕೇಳುತ್ತಿಲ್ಲ, ಈಗಿರುವ ಶನಿವಾರದ ಒಂದೂವರೆ ಗಂಟೆಯಲ್ಲೇ ಓದಿದ ಗಣಿತವನ್ನೂ ಓದಿದ ವೆಚ್ಚದ ಲೆಕ್ಕವನ್ನೂ ಕೈಗೆ ತರಿಸಿ ಎನ್ನುತ್ತಿದ್ದೇನೆ. ಆಫೀಸರ್ ಆಗುವವಳಿಗೂ ಇದರಿಂದ ನಷ್ಟವಿಲ್ಲ.

ದೀನಿಯಾತ್ ಪಾಠದಲ್ಲಿ ನಾವು ದಾವೂದ್ (ಅ) ಅವರ ಬಗ್ಗೆ ಓದಿದ್ದೇವೆ. ಅವರಿಗೆ ಕಬ್ಬಿಣ ಮೃದುವಾಯಿತು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಸೂರಃ ಸಬಾದಲ್ಲಿ ಅದರ ಜೊತೆಗೇ ಕವಚದ ಕೊಂಡಿಗಳನ್ನು ಅಳತೆಯಿಂದ ಜೋಡಿಸಬೇಕೆಂಬ ಆಜ್ಞೆಯೂ ಇದೆ. ಪವಾಡದಿಂದ ಕಬ್ಬಿಣ ಮೆತ್ತಗಾದ ಮೇಲೂ ಅಳತೆ ತಪ್ಪಲಿಲ್ಲ. ಪ್ರವಾದಿ (ಸ) ಅವರ ಪತ್ನಿ ಝೈನಬ್ ಬಿನ್ತ್ ಜಹ್ಶ್ (ರ) ತಮ್ಮ ಕೈಯಿಂದ ಚರ್ಮ ಹದ ಮಾಡಿ, ಹೊಲಿದು, ಅದರಿಂದ ಬಂದದ್ದನ್ನು ದಾನ ಮಾಡುತ್ತಿದ್ದರು ಎಂದು ವರದಿಗಳಲ್ಲಿದೆ. ಕೈಕೆಲಸವನ್ನು ಓದು ಹತ್ತದವರ ಕೆಲಸ ಎಂದು ನಾವು ಎಲ್ಲಿಂದ ಕಲಿತೆವೋ ಗೊತ್ತಿಲ್ಲ, ಇಲ್ಲಿಂದಂತೂ ಅಲ್ಲ.

ಬ್ಯಾಗ್ ಈಗ ಎರಡು ತಿಂಗಳಿಂದ ನನ್ನ ಜೊತೆ ಹರಿಹರ ದಾವಣಗೆರೆ ಓಡಾಡುತ್ತಿದೆ. ರಿಂಗ್‌ಗಳು ನಡುವಿಗೆ ಹತ್ತಿರ ಇರುವುದರಿಂದ ಪಟ್ಟಿ ಕುತ್ತಿಗೆಯ ಪಕ್ಕದಲ್ಲೇ ಇಳಿಯುತ್ತದೆ, ಸ್ಕಾರ್ಫ್ ಮೊದಲಿನಷ್ಟು ಜಗ್ಗುವುದಿಲ್ಲ. ಪೂರ್ತಿ ನಿಂತಿಲ್ಲ, ಸುಳ್ಳು ಹೇಳುವುದಿಲ್ಲ. ಇನ್ನೊಂದು ತೊಂದರೆ ಉಳಿದಿದೆ. ಹೆಗಲಿಗೆ ಹಾಕಿದಾಗ ಚೀಲ ಸ್ವಲ್ಪ ಮುಂದಕ್ಕೆ ವಾಲಿ ಜಿಪ್ ಮೇಲ್ಮುಖವಾಗುತ್ತದೆ, ಕಳೆದ ವಾರದ ಮಳೆಯಲ್ಲಿ ಅಕೌಂಟೆನ್ಸಿ ನೋಟ್ಸಿನ ಅಂಚು ನೆನೆಯಿತು. ಜಿಪ್ಪಿನ ಮೇಲೆ ಒಂದು ಮುಚ್ಚಳ ಬೇಕು. ಆದರೆ ಮುಚ್ಚಳ ಹಾಕಿದರೆ ಮೇಲಕ್ಕೆ ಎಳೆಯುವ ಪಟ್ಟಿಗೆ ಅಡ್ಡ ಬರುತ್ತದೆ. ಖಾಲಾ ಒಂದು ಉಪಾಯ ಹೇಳಿದ್ದಾರೆ, ಮತ್ತು ಈ ಸಲ ಚಾಕ್ ಅವರ ಕೈಯಲ್ಲೇ ಕೊಟ್ಟಿದ್ದೇನೆ. ಮೊದಲು ನನ್ನ ಮುಖ ನೋಡಿದರು, ಆಮೇಲೆ ನ್ಯೂಸ್ ಪೇಪರ್ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು. ಟೇಪು ಹಿಡಿದು ಅಳೆದರು. ಅಳಿಸಿದರು.

ಒಟ್ಟು 9 ತುಂಡುಗಳ ಪೇಪರ್ ಕಟಿಂಗನ್ನು ಒಂದು ಬ್ರೌನ್ ಕವರಿನಲ್ಲಿ ಹಾಕಿ ಲೈಬ್ರರಿಯಲ್ಲಿ ಕೊಟ್ಟಿದ್ದೇನೆ. ಪ್ರತಿ ತುಂಡಿನ ಮೇಲೆ ಹೆಸರು, ಎಷ್ಟು ಕತ್ತರಿಸಬೇಕು, ಬಟ್ಟೆಯ ಎಳೆ ಯಾವ ಕಡೆ ಎಂದು ಬರೆದಿದೆ. ಹೊಲಿಗೆಗೆ ಅರ್ಧ ಇಂಚು ಸೇರಿಸಿಯೇ ಇದೆ, ಮತ್ತೆ ಸೇರಿಸಬೇಡಿ. ಹುಡುಗರೂ ತೆಗೆದುಕೊಳ್ಳಬಹುದು. ಮೂಲ ಪ್ರತಿಯನ್ನು ಕತ್ತರಿಸದೆ ಬೇರೆ ಪೇಪರಿಗೆ ಇಳಿಸಿಕೊಳ್ಳಿ. ನೀವು ಏನಾದರೂ ಬದಲಾಯಿಸಿದರೆ ಅದೇ ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ತಾರೀಖು ಹಾಕಿ ವಾಪಸ್ ಇಡಿ. ಜಿಪ್ಪಿನ ಮುಚ್ಚಳಕ್ಕೆ ಜಾಗ ಬಿಟ್ಟಿದ್ದೇನೆ.